ಮ್ಯಾಮೊಗ್ರಾಮ್ ಬೇಕೇ? ಆಶಾ ಕರೆದರೆ ಹೋಗಬೇಕೇ?

ಹೊಸನಗರದ ಕಡೆಯಿಂದ ಬರೆದ ಓದುಗರೆ,

ನಿಮಗೆ 46 ವರ್ಷ. ಬೆಂಗಳೂರಿನ ನಾದಿನಿ ವರ್ಷ ವರ್ಷ ಮ್ಯಾಮೊಗ್ರಾಮ್ ಮಾಡಿಸಿಕೊಳ್ಳುತ್ತಾರೆ, ನಿಮ್ಮನ್ನೂ ಕರೆಯುತ್ತಿದ್ದಾರೆ. ಅದರಿಂದ ತೊಂದರೆಯೇ ಜಾಸ್ತಿ ಅಂತ ನೀವು ಎಲ್ಲೋ ಓದಿದ್ದೀರಿ. ಯಾವುದು ನಿಜ ಎಂದು ಕೇಳಿದ್ದೀರಿ. ಆಶಾ ಕಾರ್ಯಕರ್ತೆ ಸ್ತನ ತಪಾಸಣೆಗೆ ಕರೆದಾಗ ‘ಅಡಿಕೆ ಸುಲಿತ ಮುಗೀಲಿ’ ಎಂದು ಕಳಿಸಿದ್ದನ್ನೂ ಬರೆದಿದ್ದೀರಿ. ನನ್ನ ಮನಸ್ಸಿಗೆ ತಾಗಿದ್ದು ಆ ಮಾತು.

ನೀವು ಓದಿದ್ದು ಸುಳ್ಳಲ್ಲ. ಮ್ಯಾಮೊಗ್ರಾಮ್ ಎಂದರೆ ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಕೈಗೆ ಸಿಗದಷ್ಟು ಸಣ್ಣ ಗಂಟೂ ಅದರಲ್ಲಿ ಕಾಣುತ್ತದೆ. ಆದರೆ ಜೀವಮಾನವಿಡೀ ಕಾಟ ಕೊಡದೆ ಸುಮ್ನೆ ಇರುತ್ತಿದ್ದ ಕ್ಯಾನ್ಸರೂ ಕಾಣುತ್ತದೆ. ಯಾವುದು ಬೆಳೆಯುತ್ತದೆ ಎಂದು ಆಗ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಆಪರೇಷನ್, ಔಷಧಿ. 2012ರಲ್ಲಿ ಬ್ರಿಟನ್ನಿನ ತಜ್ಞರ ಸಮಿತಿಯೊಂದು ಲೆಕ್ಕ ಹಾಕಿತು: 50 ವರ್ಷದ 10,000 ಹೆಂಗಸರನ್ನು 20 ವರ್ಷ ತಪಾಸಣೆಗೆ ಕರೆದರೆ 43 ಜೀವ ಉಳಿಯುತ್ತವೆ, 129 ಮಂದಿಗೆ ಬೇಡದ ಚಿಕಿತ್ಸೆ ಆಗುತ್ತದೆ. ಅಮೆರಿಕದ ಸಮಿತಿಯೂ 2009ರಲ್ಲಿ 50ರಿಂದ ಸಾಕು ಎಂದಿತ್ತು, 2024ರಲ್ಲಿ 40ರಿಂದಲೇ, ಎರಡು ವರ್ಷಕ್ಕೊಮ್ಮೆ ಮಾಡಿಸಿ ಎಂದಿತು.

ನಮ್ಮ ಮಲೆನಾಡಿನ ಕಷ್ಟ ಬೇರೆ. ಇಲ್ಲಿ ಗಂಟು ಕೈಗೆ ಸಿಕ್ಕ ಮೇಲೂ ‘ನೋವಿಲ್ಲ ಅಲ್ವಾ’ ಎಂದು ಮುಂದೆ ಹಾಕುತ್ತೇವೆ. ಕೊನೆ ಕೊಯ್ಲು ಆಗಲಿ, ಮಗಳ ಪರೀಕ್ಷೆ ಮುಗೀಲಿ, ಮಳೆ ನಿಲ್ಲಲಿ. ಶುರುವಿನಲ್ಲಿ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವು ಬರಲಿ ಎಂದು ಕಾದವರು ತೀರಾ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಹೆಂಗಸರ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಮುಟ್ಟಿ ನೋಡಿದರು. ಅವರಲ್ಲಿ ರೋಗ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ನಿಮ್ಮ ವಯಸ್ಸಿನವರಲ್ಲಿ ಸಾವು ಅಷ್ಟು ಇಳಿದದ್ದು ಕಾಣಲಿಲ್ಲ, ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಆಶಾ ಕರೆದದ್ದೂ ಹೀಗೆ ಕೈಯಿಂದ ಮುಟ್ಟಿ ನೋಡುವ ತಪಾಸಣೆಗೇ. ಆದರೂ ಅದಕ್ಕೆ ಹೋಗಿ ಎಂದೇ ಹೇಳುತ್ತೇನೆ. ಸರ್ಕಾರದ ಕಾರ್ಯಕ್ರಮ ಇರುವುದೇ 30ರಿಂದ 65 ವರ್ಷದವರಿಗೆ. ನಾಚಿಕೆ ಅನ್ನಿಸಿದರೆ ಹೆಂಗಸರೇ ನೋಡಲಿ ಎಂದು ಕೇಳಿ, ತಪ್ಪೇನಿಲ್ಲ.

ಮ್ಯಾಮೊಗ್ರಾಮ್ ವಿಷಯದಲ್ಲಿ ಅವಸರ ಬೇಡ, ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನಿಸಿ. ತಾಯಿಗೋ ಅಕ್ಕತಂಗಿಯರಿಗೋ ಈ ಕಾಯಿಲೆ ಬಂದಿದ್ದರೆ ಮಾತ್ರ ಈಗಲೇ ಕೇಳಿ.

ಗಂಟು ಸಿಕ್ಕರೆ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿದ್ದರೆ, ರಕ್ತ ಬಂದರೆ, ಚರ್ಮ ಕುಳಿಬಿದ್ದಂತೆ ಕಂಡರೆ ಮೇಲಿನ ಯಾವ ಲೆಕ್ಕವೂ ನಿಮಗೆ ಬೇಡ. ಅದೇ ವಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ತೋರಿಸಿ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಹೆದರಿ ಮನೆಯಲ್ಲಿ ಕೂರಬೇಡಿ.

– ಸಂಪಾದಕ