ಎರಡನೇ ಸಲವೂ ಓಡಬೇಕಾದ ಡಾಕರ್ ಸೆಟಪ್ ಸ್ಕ್ರಿಪ್ಟ್

ಹೊಸ ಉಬುಂಟು ಯಂತ್ರದಲ್ಲಿ ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಸಾಧನ) ಇನ್‌ಸ್ಟಾಲ್ ಮಾಡಿ, ಸುಡೋ (ನಿರ್ವಾಹಕ ಅಧಿಕಾರದಿಂದ ಓಡಿಸುವ ಆದೇಶ) ಮೂಲಕ ನೆಟ್‌ವರ್ಕ್ ಸೃಷ್ಟಿಸಿ, ಬಳಕೆದಾರರನ್ನು ಡಾಕರ್ ಗುಂಪಿಗೆ ಸೇರಿಸಿ, ಕೊನೆಗೆ ಸುಡೋ ಇಲ್ಲದೆ ಕಂಪೋಸ್ (ಹಲವು ಕಂಟೇನರುಗಳನ್ನು ಒಟ್ಟಿಗೆ ಆರಂಭಿಸುವ ಡಾಕರ್ ಆದೇಶ) ಕರೆಯುವ ಸಾಲಿನಲ್ಲಿ ನಿಮ್ಮ ಸ್ಕ್ರಿಪ್ಟ್ ಅನುಮತಿ ಇಲ್ಲವೆಂದು ನಿಲ್ಲುತ್ತದೆ; ಮತ್ತೆ ಓಡಿಸಿದರೆ ನೆಟ್‌ವರ್ಕ್ ಆಗಲೇ ಇದೆಯೆಂದು ಇನ್ನೂ ಮೊದಲೇ ನಿಲ್ಲುತ್ತದೆ ಎಂದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು.

ಎರಡನೆಯದು ಸುಲಭದ್ದು. ಪ್ರತಿಯೊಂದು ಹೆಜ್ಜೆಯೂ ಮೊದಲು ಸ್ಥಿತಿಯನ್ನು ನೋಡಿ, ಅಗತ್ಯವಿದ್ದರೆ ಮಾತ್ರ ಕೆಲಸ ಮಾಡಬೇಕು. ನೆಟ್‌ವರ್ಕ್ ಕ್ರಿಯೇಟ್ ಆದೇಶದ ಎಡಕ್ಕೆ ನೆಟ್‌ವರ್ಕ್ ಇನ್‌ಸ್ಪೆಕ್ಟ್ ಬರೆದು, ನಡುವೆ ಎರಡು ಲಂಬಗೆರೆಗಳನ್ನು ಇಡಿ. ಇನ್‌ಸ್ಪೆಕ್ಟ್ ಸೋತರೆ ಮಾತ್ರ ಕ್ರಿಯೇಟ್ ನಡೆಯುತ್ತದೆ, ಮತ್ತು ಯಾವುದೇ ಆದೇಶ ಸೋತರೆ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್ ಇ ಹಾಕಿದ್ದರೂ ಆ ಸೋಲು ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ. ಕಂಟೇನರಿನ ದತ್ತಾಂಶ ಉಳಿಸುವ ಜಾಗವಾದ ವಾಲ್ಯೂಮ್ ಸೃಷ್ಟಿಸುವ ವಾಲ್ಯೂಮ್ ಕ್ರಿಯೇಟ್‌ಗೆ ಈ ಕಾವಲು ಬೇಕಿಲ್ಲ, ಅದೇ ಹೆಸರಿನ ವಾಲ್ಯೂಮ್ ಇದ್ದರೆ ಅದು ತಕರಾರಿಲ್ಲದೆ ಮುಗಿಯುತ್ತದೆ. ಡಾಕರ್ ಇದೆಯೇ ಎಂದು ತಿಳಿಯಲು ಆವೃತ್ತಿ ಕೇಳುವುದಕ್ಕಿಂತ ಡಾಕರ್ ಇನ್ಫೋ ಓಡಿಸುವುದು ಮೇಲು. ಏಕೆಂದರೆ ಡೀಮನ್ (ಹಿನ್ನೆಲೆಯಲ್ಲಿ ಓಡುವ ಡಾಕರ್ ಸೇವೆ) ಮಲಗಿದ್ದರೂ ಆವೃತ್ತಿಯ ಸಂಖ್ಯೆ ಮಾತ್ರ ಚೆನ್ನಾಗಿಯೇ ಬರುತ್ತದೆ.

ಅನುಮತಿಯ ವಿಷಯ ಹೆಚ್ಚು ಸೂಕ್ಷ್ಮ. ಗುಂಪಿಗೆ ಸೇರಿಸಿದ ಮಾಹಿತಿ ಕಡತದಲ್ಲಿ ತಕ್ಷಣ ದಾಖಲಾದರೂ, ಈಗಾಗಲೇ ನಡೆಯುತ್ತಿರುವ ಶೆಲ್ (ಆದೇಶಗಳನ್ನು ಓಡಿಸುವ ಪ್ರೋಗ್ರಾಮು) ತಾನು ಲಾಗಿನ್ ಆದಾಗ ಪಡೆದ ಗುಂಪುಗಳನ್ನೇ ಹೊತ್ತಿರುತ್ತದೆ. ಐಡಿ ಆದೇಶವನ್ನು ಒಮ್ಮೆ ಬರಿದಾಗಿ, ಇನ್ನೊಮ್ಮೆ ನಿಮ್ಮ ಬಳಕೆದಾರ ಹೆಸರಿನೊಡನೆ ಓಡಿಸಿ ನೋಡಿ: ಎರಡನೆಯದರಲ್ಲಿ ಡಾಕರ್ ಗುಂಪು ಕಾಣುತ್ತದೆ, ಮೊದಲನೆಯದರಲ್ಲಿ ಇರುವುದಿಲ್ಲ. ಶೆಲ್‌ನ ಗುಂಪು ಬದಲಿಸುವ ನ್ಯೂಗ್ರೂಪ್ ಆದೇಶ ಬಳಸಲು ಹಲವರು ಸೂಚಿಸುತ್ತಾರೆ, ಆದರೆ ಸ್ಕ್ರಿಪ್ಟಿನೊಳಗೆ ಅದು ಹೊಸ ಶೆಲ್ ತೆರೆದು ಕುಳಿತುಬಿಡುವುದರಿಂದ ಮುಂದಿನ ಸಾಲುಗಳು ಕಾಯುತ್ತವೆ. ಆ ಒಂದು ಕಂಪೋಸ್ ಸಾಲನ್ನು ಒಂದೇ ಆದೇಶವನ್ನು ಬೇರೆ ಗುಂಪಿನಲ್ಲಿ ಓಡಿಸುವ ಎಸ್‌ಜಿ ಆದೇಶದ ಮೂಲಕ ಡಾಕರ್ ಗುಂಪಿನಲ್ಲಿ ಓಡಿಸುವುದು ನನ್ನ ಆಯ್ಕೆ. ಇಡೀ ಸ್ಕ್ರಿಪ್ಟನ್ನೇ ಸುಡೋ ಹಾಕಿ ಓಡಿಸುವಿರಾದರೆ ಯೂಸರ್ ಎಂಬ ಚರದಲ್ಲಿ ರೂಟ್ (ಎಲ್ಲ ಅಧಿಕಾರವುಳ್ಳ ನಿರ್ವಾಹಕ ಖಾತೆ) ಇರುತ್ತದೆ. ಸುಡೋ ಓಡಿಸಿದವರ ಹೆಸರಿರುವ ಸುಡೋ ಯೂಸರ್ ಚರವನ್ನು ಬಳಸಿ, ಇಲ್ಲವಾದರೆ ಗುಂಪಿಗೆ ಸೇರುವುದು ನೀವಲ್ಲ, ರೂಟ್.

ಬಳಕೆದಾರರನ್ನು ಗುಂಪಿಗೆ ಸೇರಿಸುವ ಯೂಸರ್‌ಮಾಡ್ ಸಾಲಿನಲ್ಲಿ ದೊಡ್ಡ ಜಿ ಜೊತೆ ಚಿಕ್ಕ ಎ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ನಾನು ಒಮ್ಮೆ ಆ ಎ ಬಿಟ್ಟಿದ್ದೆ. ಡಾಕರ್ ಗುಂಪಿಗೆ ಸೇರಿದೆ, ಉಳಿದ ಹೆಚ್ಚುವರಿ ಗುಂಪುಗಳೆಲ್ಲ ಹೋದವು, ಮುಂದಿನ ಲಾಗಿನ್‌ನಲ್ಲಿ ಸುಡೋ ಹಕ್ಕೇ ಇರಲಿಲ್ಲ. ಕೊನೆಗೆ ಯಂತ್ರದ ಮೂಲ ಡೈರೆಕ್ಟರಿಯನ್ನು ಒಂದು ಕಂಟೇನರಿನೊಳಗೆ ಮೌಂಟ್ ಮಾಡಿ, ಅಲ್ಲಿಂದ ಗುಂಪುಗಳ ಕಡತವನ್ನು ತಿದ್ದಿ ಹಕ್ಕನ್ನು ಮರಳಿ ಪಡೆದೆ. ಅದು ಸಾಧ್ಯವಾದದ್ದೇ ಡಾಕರ್ ಗುಂಪಿನ ಸದಸ್ಯತ್ವ ರೂಟ್ ಅಧಿಕಾರಕ್ಕೆ ಸಮ ಎಂಬ ಕಾರಣದಿಂದ. ಆದ್ದರಿಂದ ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ ಆ ಯೂಸರ್‌ಮಾಡ್ ಸಾಲನ್ನು ಸ್ಕ್ರಿಪ್ಟ್‌ನಿಂದಲೇ ತೆಗೆದುಹಾಕಿ, ರೂಟ್ ಅಧಿಕಾರವಿಲ್ಲದೆಯೇ ಓಡುವ ಡಾಕರಿನ ರೂಟ್‌ಲೆಸ್ ಮೋಡ್ ಪರಿಶೀಲಿಸಿ.

ಸ್ಕ್ರಿಪ್ಟ್ ಯಾವ ಶೆಲ್‌ನಲ್ಲಿ ಓಡಬೇಕೆಂದು ಹೇಳುವ ಮೊದಲ ಸಾಲಿನಲ್ಲಿ ಬ್ಯಾಷ್ ಎಂದೇ ಬರೆಯಿರಿ. ಉಬುಂಟುವಿನಲ್ಲಿ ಎಸ್‌ಎಚ್ ಎಂದರೆ ಡ್ಯಾಷ್, ಅದರ ಹಳೆಯ ಆವೃತ್ತಿಗಳಿಗೆ ಪೈಪ್‌ಫೇಲ್ (ಪೈಪಿನಲ್ಲಿ ಜೋಡಿಸಿದ ಯಾವ ಆದೇಶ ಸೋತರೂ ಅದನ್ನು ಸೋಲೆಂದು ಎಣಿಸುವ ಆಯ್ಕೆ) ಗೊತ್ತಿಲ್ಲ. ಪೈಪ್‌ಫೇಲ್ ಇಲ್ಲದೆ, ಡಾಕರ್ ಪ್ಯಾಕೇಜುಗಳನ್ನು ಪರೀಕ್ಷಿಸುವ ಕೀಲಿಯನ್ನು ಇಳಿಸುವ ಕರ್ಲ್ ಆದೇಶ ಸೋತರೂ ಪೈಪಿನ ಕೊನೆಯ ಆದೇಶ ಗೆದ್ದರೆ ಸಾಕು, ಸ್ಕ್ರಿಪ್ಟ್ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಇಷ್ಟಾದ ಮೇಲೂ ಕಂಪೋಸ್ ಸಾಲಿನಲ್ಲೇ ನಿಂತರೆ, ಅದಕ್ಕೂ ಮುಂಚೆ ಐಡಿ ಆದೇಶದ ಎರಡೂ ರೂಪಗಳನ್ನು ಹಾಕಿ, ಬಂದ ಔಟ್‌ಪುಟ್ಟನ್ನು ಪ್ರಶ್ನೆಗೆ ಸೇರಿಸಿ.