ಹಳ್ಳಿಗಳ ವಯಸ್ಕರ ಶಿಕ್ಷಣ ಎಲ್ಲರಿಗೂ ಸಮಾನವಾಗಿ ದಕ್ಕಬೇಕಾದರೆ ಏನು ಮಾಡಬೇಕು?

ನಿಮ್ಮ ತಾಲ್ಲೂಕಿನ ಪಂಚಾಯಿತಿಗಳಲ್ಲಿ ಸಾಕ್ಷರತಾ ತರಗತಿ, ಹೊಲಿಗೆ ಮತ್ತು ಕಂಪ್ಯೂಟರ್ ತರಬೇತಿ ಉಚಿತವಾಗಿ ನಡೆಯುತ್ತಿದ್ದರೂ ತಾಂಡಾ ಮತ್ತು ಕೇರಿಗಳ ಜನ ಬರುವುದಿಲ್ಲ, ಇದಕ್ಕೆ ಪರಿಹಾರವೇನು ಎಂದು ಕೇಳಿದ್ದೀರಿ. ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಸಾಕ್ಷರತಾ ಸ್ವಯಂಸೇವಕನಾಗಿ ದುಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಈ ಜಿಲ್ಲೆಯದು ಶೇ. 51.83 ಮಾತ್ರ ಇತ್ತು. ಮಹಿಳೆಯರಲ್ಲಿ ಅದು ಶೇ. 41ರ ಆಸುಪಾಸಿನಲ್ಲಿತ್ತು.

ಜನ ‘ಬರುವುದಿಲ್ಲ’ ಎನ್ನುವ ಬದಲು, ಅವರು ಬರಲಾಗದಂತೆ ನಾವು ಎಲ್ಲಿ, ಯಾವಾಗ, ಯಾರಿಂದ ತರಗತಿ ನಡೆಸುತ್ತಿದ್ದೇವೆ ಎಂಬುದನ್ನು ಮೊದಲು ನೋಡಿ. ನಾವು ಒಂದು ಊರಿನಲ್ಲಿ ಗುಡಿಯ ಕಟ್ಟೆಯ ಮೇಲೆ ತರಗತಿ ಆರಂಭಿಸಿದ್ದೆವು. ಊರ ನಡುವಿನ ಜಾಗ, ದೀಪದ ವ್ಯವಸ್ಥೆಯೂ ಇತ್ತು. ದಲಿತ ಕೇರಿಯ ಹೆಣ್ಣುಮಕ್ಕಳು ಮೂರು ದಿನ ಬಂದರು, ಕಟ್ಟೆ ಹತ್ತದೆ ಕೆಳಗೆ ನಿಂತೇ ಕೇಳಿದರು, ನಾಲ್ಕನೆಯ ದಿನ ಬರಲಿಲ್ಲ. ಯಾರೂ ಅವರನ್ನು ಬಾಯಿಬಿಟ್ಟು ತಡೆದಿರಲಿಲ್ಲ. ತರಗತಿಯನ್ನು ಕೇರಿಯ ಅಂಗನವಾಡಿಗೆ ಸ್ಥಳಾಂತರಿಸಿದ ಮೇಲೆ ಅವರು ನೆಲದ ಮೇಲೆ ಚಾಪೆ ಹಾಸಿಕೊಂಡು ಎದುರಿನ ಸಾಲಿನಲ್ಲೇ ಕುಳಿತರು. ಜಾಗದ ಆಯ್ಕೆಯನ್ನು ಅನುಕೂಲದ ವಿಷಯವೆಂದು ಭಾವಿಸಿದ್ದು ನನ್ನ ತಪ್ಪು. ಅದನ್ನು ಇಂದಿಗೂ ಮರೆತಿಲ್ಲ.

ಕಾಲದ ವಿಷಯವೂ ಅಷ್ಟೇ ಮುಖ್ಯ. ನಮ್ಮ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಹೆಂಗಸರು ಹೊಲದಿಂದ ಬಂದು ಅಡುಗೆ ಮುಗಿಸುವಷ್ಟರಲ್ಲಿ ರಾತ್ರಿ ಎಂಟೂವರೆಯಾಗುತ್ತದೆ, ದೀಪಾವಳಿಯ ನಂತರ ಅನೇಕ ಕುಟುಂಬಗಳು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತವೆ. ಆರ್ಥಿಕ ವರ್ಷದ ಲೆಕ್ಕಕ್ಕೆ ಹೊಂದಿಸಿ ನವೆಂಬರ್‌ನಲ್ಲಿ ತರಗತಿ ತೆರೆದರೆ ಅತ್ಯಂತ ಬಡವರೇ ಹೊರಗುಳಿಯುತ್ತಾರೆ. ಯುಗಾದಿಗೆ ಊರಿಗೆ ಮರಳಿದವರನ್ನು ಹಿಡಿದು ಮುಂಗಾರಿನ ಬಿತ್ತನೆಯವರೆಗೆ ಕಲಿಸುವುದು ಮೇಲು.

ಇನ್ನು ಕಲಿಸುವವರು. 2022ರಿಂದ 2027ರವರೆಗೆ ನಡೆಯುವ, 15 ವರ್ಷ ಮೇಲ್ಪಟ್ಟವರಿಗಾಗಿ ರೂಪಿಸಿರುವ ನವ ಭಾರತ ಸಾಕ್ಷರತಾ ಕಾರ್ಯಕ್ರಮವು ಸಂಬಳವಿಲ್ಲದ ಸ್ವಯಂಸೇವಕರನ್ನೇ ನಂಬಿಕೊಂಡಿದೆ. ಹೀಗಾಗಿ ಓದಿದವರು ಹೆಚ್ಚಿರುವ ಓಣಿಗೆ ಬೋಧಕರು ಸುಲಭವಾಗಿ ಸಿಗುತ್ತಾರೆ, ಅಕ್ಷರದ ಅಗತ್ಯ ಹೆಚ್ಚಿರುವ ತಾಂಡಾಕ್ಕೆ ಸಿಗುವುದಿಲ್ಲ. ಅಸಮಾನತೆ ವ್ಯವಸ್ಥೆಯೊಳಗೇ ಇದೆ. ಹೊರಗಿನವರನ್ನು ಕಾಯುವುದಕ್ಕಿಂತ ತಾಂಡಾದಲ್ಲೇ ಪಿಯುಸಿ ಓದಿದ ಹುಡುಗಿಯನ್ನು ಗುರುತಿಸಿ. ಮನೆಯಲ್ಲಿ ಲಂಬಾಣಿ ಮಾತನಾಡುವ ಹೆಂಗಸರಿಗೆ ಅವಳು ಅದೇ ಮಾತಿನಲ್ಲಿ ವಿವರಿಸಿ ಕನ್ನಡ ಅಕ್ಷರ ಕಲಿಸಬಲ್ಲಳು. ಅವಳ ಓಡಾಟದ ಖರ್ಚನ್ನಾದರೂ ಪಂಚಾಯಿತಿ ಭರಿಸುವಂತೆ ಒತ್ತಾಯಿಸಿ.

ಒಂದು ಪ್ರಸಂಗ ಹೇಳಲೇಬೇಕು. ಐವತ್ತರ ಆಸುಪಾಸಿನ ಒಬ್ಬ ತಾಯಿ ಎರಡು ತಿಂಗಳಾದರೂ ‘ರ’ ಮತ್ತು ‘ಠ’ ಬೇರ್ಪಡಿಸಲಾಗದೆ ‘ನನಗ ತಲಿ ಇಲ್ಲ ಬಿಡ್ರಿ’ ಎನ್ನುತ್ತಿದ್ದರು. ಅವರು ಪುಸ್ತಕವನ್ನು ತೋಳುದ್ದ ದೂರ ಹಿಡಿಯುವುದನ್ನು ಒಂದು ಸಂಜೆ ಗಮನಿಸಿ ಪಕ್ಕದವರ ಚಾಳೀಸು ಹಾಕಿಸಿದೆವು. ಅವರು ಪುಟದ ಮೇಲೆ ಬೆರಳಿಟ್ಟು, ‘ಠ’ದ ಒಳಗಿನ ಚುಕ್ಕೆಯನ್ನು ಮುಟ್ಟಿ, ‘ಇದು ಇಲ್ಲೇ ಇತ್ತೇನ್ರಿ?’ ಎಂದು ಕೇಳಿದರು. ಮರುವಾರ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯನ್ನು ಕರೆತಂದು ಎಲ್ಲರ ಕಣ್ಣು ತೋರಿಸಿದೆವು. ಆದ್ದರಿಂದ ನಲವತ್ತು ದಾಟಿದವರಿರುವ ಯಾವುದೇ ತರಗತಿಯನ್ನು ಕಣ್ಣಿನ ತಪಾಸಣೆಯಿಲ್ಲದೆ ಆರಂಭಿಸಬೇಡಿ. ಅಂಗವಿಕಲರಿಗೂ ಈ ಮಾತು ಅನ್ವಯಿಸುತ್ತದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಯಸ್ಕರ ಶಿಕ್ಷಣದಲ್ಲಿ ಅವರಿಗೆ ಸಮಾನ ಅವಕಾಶವಿರಬೇಕೆಂದು ಹೇಳುತ್ತದೆ, ಆದರೆ ಮೆಟ್ಟಿಲೇರಿ ಹೋಗಬೇಕಾದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟರೆ ಆ ಹಕ್ಕು ಬಾಗಿಲಲ್ಲೇ ನಿಲ್ಲುತ್ತದೆ.

ಕೊನೆಯದಾಗಿ, ಹಾಜರಾತಿ ಪುಸ್ತಕದ ಜೊತೆಗೆ ಬಾರದವರ ಪಟ್ಟಿಯನ್ನೂ ಇಡಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಮನೆಮನೆಯ ಪರಿಚಯವಿರುವುದರಿಂದ ಅವರ ನೆರವಿನಿಂದ ಓಣಿವಾರು ಪಟ್ಟಿ ಮಾಡಿ, ಯಾವ ಓಣಿಯಿಂದ ಎಷ್ಟು ಮಂದಿ ಹೊರಗುಳಿದಿದ್ದಾರೆ ಎಂಬ ಸಂಖ್ಯೆಯನ್ನು ವಾರ್ಡ್ ಸಭೆಯಲ್ಲಿ ಮಂಡಿಸಿ. ಹೆಸರುಗಳನ್ನು ಮಾತ್ರ ಸಭೆಯಲ್ಲಿ ಓದಬೇಡಿ, ಹೆಬ್ಬೆಟ್ಟು ಒತ್ತುವವರಿಗೆ ಅದು ದೊಡ್ಡ ಅವಮಾನ. ಆ ಹೆಸರುಗಳನ್ನು ಹಿಡಿದು ಸಂಜೆ ಅವರವರ ಮನೆಗೇ ಹೋಗಿ, ಯಾವ ಹೊತ್ತಿಗೆ ಬಿಡುವಾಗುತ್ತದೆ ಎಂದು ಅವರನ್ನೇ ಕೇಳಿ.