ಓದುಗರ ಪ್ರಶ್ನೆ: ಕಾರಿನವರಿಗೂ ಬೈಕಿನವರಿಗೂ ಯಾಕೆ ಆಗಿಬರೋದಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕಾರಿನವರು ಬೈಕಿನವರನ್ನು ದೂರಿದ್ದಾರೆ, ಬೈಕಿನವರು ಕಾರಿನವರನ್ನು. ಕೆಲವು ಪತ್ರಗಳಲ್ಲಿ ಬೈಗುಳವೂ ಇತ್ತು. ಅದನ್ನು ತೆಗೆದು ಪ್ರಶ್ನೆ ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ದಿನಾ ಕಾರಿನಲ್ಲಿ ಓಡಾಡುವವನು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಎಡಕ್ಕೂ ಬಲಕ್ಕೂ ಬೈಕುಗಳು ನುಗ್ಗುತ್ತವೆ. ಕಾರಿನ ಮಿರರ್ ಮುರಿದು ಹೋದವರೂ ಇದ್ದಾರೆ, ಒಬ್ಬರೂ ನಿಂತು ಕೇಳಿಲ್ಲ. ಈಗೀಗ ಪಕ್ಕದ ಕಾರಿಗೆ ಒತ್ತಿ ನಿಲ್ಲಿಸಿ ಸಂದು ಮುಚ್ಚಿಬಿಡುತ್ತೇನೆ. ನಾವು ಕಾಯುವಾಗ ಅವರೂ ಕಾಯಲಿ. ಇದರಲ್ಲಿ ತಪ್ಪೇನಿದೆ?

ಉತ್ತರ: ಮಿರರ್ ಮುರಿದು ಓಡಿಹೋದವರದ್ದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂದು ಮುಚ್ಚೋದು ಬೇಡ ಸರ್.

ನೀವು ಸ್ಟೇರಿಂಗ್ ಸ್ವಲ್ಪ ತಿರುಗಿಸಿ ಮುಂದಕ್ಕೆ ಬಿಟ್ಟಾಗ ಆ ಬೈಕು ಆಗಲೇ ಸಂದಿಯೊಳಗೆ ಬಂದಿರುತ್ತದೆ. ಹ್ಯಾಂಡಲ್‌ನ ತುದಿ ನಿಮ್ಮ ಬಾಗಿಲಿಗೆ ತಾಗುತ್ತದೆ, ಮುಂದಿನ ಚಕ್ರ ಒಂದು ಕಡೆಗೆ ಎಳೆಯುತ್ತದೆ, ಸವಾರ ಬೀಳೋದು ಇನ್ನೊಂದು ಕಡೆಯ ವಾಹನದ ಚಕ್ರದ ಹತ್ತಿರ. ಇದಕ್ಕೆ ವೇಗವೇ ಬೇಕಿಲ್ಲ. ನಿಮಗೆ ಬಾಗಿಲ ಮೇಲೆ ಒಂದು ಗೀರು ಬೀಳುತ್ತದೆ, ಅವನಿಗೆ ಕಾಲು ಹೋಗುತ್ತದೆ. ಪಾಠ ಕಲಿಸಬೇಕು ಅಂತ ಹೊರಟಾಗ ಈ ಲೆಕ್ಕ ಯಾರಿಗೂ ನೆನಪಿರೋದಿಲ್ಲ.

ಇನ್ನೊಂದು ವಿಷಯ. ಸಾಲಿನ ಕೊನೆಯಲ್ಲಿ ಸುಮ್ನೆ ನಿಂತ ಬೈಕಿಗೂ ಅಪಾಯ ಇದೆ. ಹಿಂದಿನಿಂದ ಬಂದವರು ಬ್ರೇಕ್ ಹಾಕೋದು ತಡವಾದರೆ ಸವಾರ ಎರಡು ಕಾರುಗಳ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದವರು ಸುಮಾರು 6000 ಬೈಕ್ ಅಪಘಾತಗಳ ಮಾಹಿತಿ ನೋಡಿ 2015ರಲ್ಲಿ ಒಂದು ವರದಿ ಕೊಟ್ಟರು. ವಾಹನಗಳ ಮಧ್ಯೆ ಹೋಗುತ್ತಿದ್ದ ಸವಾರರಿಗೆ ಹಿಂದಿನಿಂದ ಗುದ್ದಿಸಿಕೊಂಡದ್ದು ಉಳಿದವರಿಗಿಂತ ಕಡಿಮೆ, ತಲೆಪೆಟ್ಟೂ ಕಡಿಮೆ ಅಂತ ಕಂಡುಬಂತು. ಮರುವರ್ಷವೇ ಆ ರಾಜ್ಯ ಹೀಗೆ ವಾಹನಗಳ ಮಧ್ಯೆ ಹೋಗೋದಕ್ಕೆ ಕಾನೂನಿನಲ್ಲೇ ಒಪ್ಪಿಗೆ ಕೊಟ್ಟಿತು.

ಬೈಕಿನವರು ಇದನ್ನು ಓದಿ ಖುಷಿಪಡುವ ಮೊದಲು ಅದೇ ವರದಿಯ ಉಳಿದ ಭಾಗವನ್ನೂ ಓದಬೇಕು. ಸುತ್ತಲಿನ ವಾಹನಗಳು ಗಂಟೆಗೆ 80 ಕಿ.ಮೀ. ಒಳಗೇ ಇದ್ದು, ಬೈಕು ಅವುಗಳಿಗಿಂತ 24 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಇಲ್ಲದಿದ್ದರೆ ಮಾತ್ರ ಅಪಾಯ ಕಡಿಮೆ. ನಿಂತ ಕಾರುಗಳ ಮಧ್ಯೆ 50ರಲ್ಲಿ ಹಾರಿಹೋಗುವವರಿಗೆ ಇದರಿಂದ ಯಾವ ಸಮರ್ಥನೆಯೂ ಸಿಗೋದಿಲ್ಲ. ಮತ್ತೆ, ಇದಕ್ಕೆ ಎಲ್ಲ ಕಡೆ ಕಾನೂನಿನ ಒಪ್ಪಿಗೆ ಇಲ್ಲ, ನೀವಿರುವ ಕಡೆಯ ನಿಯಮ ತಿಳಿದುಕೊಳ್ಳಿ. ಹ್ಯಾಂಡಲ್ ತೂರುತ್ತದೋ ಇಲ್ಲವೋ ಅನ್ನುವ ಅನುಮಾನ ಬಂತಾ, ಅಲ್ಲೇ ನಿಲ್ಲಿ. ತಿರುಗಲು ಹೊರಟ ಬಸ್ಸು, ಲಾರಿ ಪಕ್ಕಕ್ಕಂತೂ ಹೋಗಲೇಬೇಡಿ. ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತದೆ, ಅಲ್ಲಿದ್ದವರು ಚಾಲಕರಿಗೆ ಕಾಣೋದೂ ಇಲ್ಲ.

ಪ್ರಶ್ನೆ: ನೇರ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದೆ. ಎದುರಿನಿಂದ ಬಂದ ಕಾರು ನನ್ನ ಮುಂದೆಯೇ ಅಡ್ಡ ತಿರುಗಿತು. ಬಿದ್ದೆ, ಪುಣ್ಯಕ್ಕೆ ಹೆಚ್ಚು ಪೆಟ್ಟಾಗಲಿಲ್ಲ. ಕಾರಿನವರು ಇಳಿದು ಬಂದು ‘ನೀವು ಕಾಣಲೇ ಇಲ್ಲ’ ಅಂದರು. ಹಗಲು ಹೊತ್ತು, ಹೆಡ್‌ಲೈಟ್ ಉರಿಯುತ್ತಿತ್ತು, ಅವರು ನನ್ನ ಕಡೆಗೇ ನೋಡುತ್ತಿದ್ದರು. ಇಷ್ಟು ದೊಡ್ಡ ಸುಳ್ಳು ಹೇಳೋಕೆ ಮನಸ್ಸಾದರೂ ಹೇಗೆ ಬರುತ್ತದೆ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರು ಹೇಳಿದ್ದು ನಿಜವೂ ಇರಬಹುದು, ಮತ್ತೆ ನಿಜ ಆಗಿದ್ದರೆ ಅದು ಸುಳ್ಳಿಗಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಕಾರಿನ ಮುಂದಿನ ಗಾಜಿನ ಎರಡೂ ಬದಿಗೆ ಒಂದೊಂದು ಕಂಬ ಇರುತ್ತದೆ. ಹತ್ತಿರ ಇರುವುದರಿಂದ ಅದು ಮುಚ್ಚುವ ಜಾಗ ದೊಡ್ಡದು. ದೂರದ ಬೈಕು ಪೂರ್ತಿಯಾಗಿ ಅದರ ಹಿಂದೆ ಅಡಗುತ್ತದೆ, ಕಾರು ಅಷ್ಟು ಸುಲಭವಾಗಿ ಅಡಗೋದಿಲ್ಲ, ಹೆಚ್ಚಾಗಿ ಒಂದು ಬದಿಯಾದರೂ ಹೊರಗೆ ಕಾಣುತ್ತದೆ. ಎರಡೂ ಚಲಿಸುತ್ತಿರುವಾಗ ಬೈಕು ಹಲವು ಕ್ಷಣ ಆ ಕಂಬದ ಹಿಂದೆಯೇ ಉಳಿಯಬಹುದು.

ಕಂಬ ಇಲ್ಲ ಅಂತಲೇ ಇಟ್ಟುಕೊಳ್ಳಿ. ನಮ್ಮ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿಕೊಂಡು ಹೋಗೋದಿಲ್ಲ, ಜಿಗಿಯುತ್ತದೆ. ಆ ಜಿಗಿತದ ಹೊತ್ತಿನಲ್ಲಿ ಮಿದುಳು ಹೆಚ್ಚುಕಡಿಮೆ ಏನನ್ನೂ ನೋಡೋದಿಲ್ಲ, ಆದರೂ ಪೂರ್ತಿ ರಸ್ತೆ ನೋಡಿದ್ದೇನೆ ಅನ್ನುವ ಭಾವನೆ ನಮಗೆ ಕೊಡುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರ್ರನೆ ತಲೆ ತಿರುಗಿಸಿದರೆ ಬೈಕಿನಷ್ಟು ಸಣ್ಣದು ಆ ಜಿಗಿತದಲ್ಲೇ ತಪ್ಪಿಹೋಗಬಹುದು. ಸಾಲದ್ದಕ್ಕೆ, ಚಾಲಕರ ಮನಸ್ಸು ಹುಡುಕುತ್ತಿರೋದು ಕಾರು, ಲಾರಿಗಳನ್ನು. ಹುಡುಕದೇ ಇದ್ದದ್ದು ಕಣ್ಣೆದುರಿಗೇ ಇದ್ದರೂ ತಲೆಗೆ ಹೋಗೋದಿಲ್ಲ.

ಇಷ್ಟೆಲ್ಲ ದಾಟಿ ಬೈಕು ಕಂಡಿತು ಅಂದುಕೊಳ್ಳಿ. ಆಗಲೂ ಅದರ ವೇಗದ ಅಂದಾಜು ತಪ್ಪುತ್ತದೆ. ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ಬರುವ ಲಾರಿ ಬೇಗ ಬಂದುಬಿಡುತ್ತದೆ ಅನಿಸುತ್ತದೆ, ಬೈಕು ಇನ್ನೂ ದೂರ ಇದೆ ಅನಿಸುತ್ತದೆ. ಹೀಗಾಗಿ ‘ದಾಟಬಹುದು’ ಅಂತ ತಿರುಗಿಸಿಬಿಡುತ್ತಾರೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ, ಸವಾರನ ಕೈ ಬ್ರೇಕಿಗೆ ಹೋಗುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ.

ಇದು ಹಳೆಯ ಕತೆ. 1981ರಲ್ಲಿ ಅಮೆರಿಕದಲ್ಲಿ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿದ ವರದಿ ಹೊರಬಂತು. ಬೇರೆ ವಾಹನದ ಜೊತೆ ಆದ ಅಪಘಾತಗಳಲ್ಲಿ ಮೂರರಲ್ಲಿ ಎರಡರಷ್ಟು ಕಡೆ, ಬೈಕಿಗೆ ದಾರಿ ಬಿಡಬೇಕಿದ್ದ ಇನ್ನೊಂದು ವಾಹನದವರು ಬಿಟ್ಟಿರಲಿಲ್ಲ. ಮುಂದೆ ಯುರೋಪಿನ ಐದು ದೇಶಗಳಲ್ಲಿ 921 ಅಪಘಾತಗಳನ್ನು ಹೀಗೇ ನೋಡಿದಾಗ, ಮುಖ್ಯ ಕಾರಣ ಅರ್ಧದಷ್ಟು ಕಡೆ ಇನ್ನೊಂದು ವಾಹನದ ಚಾಲಕರದ್ದು, ಶೇ 37ರಷ್ಟು ಕಡೆ ಸವಾರರದ್ದೇ. ಬೈಕನ್ನು ಗಮನಿಸದೇ ಇದ್ದದ್ದೇ ಚಾಲಕರ ಕಡೆಯ ದೊಡ್ಡ ಕಾರಣ. ಯಾರದ್ದು ತಪ್ಪು ಜಾಸ್ತಿ ಅಂತ ಮನೆಯಲ್ಲಿ ವಾದ ಮಾಡಿಕೊಂಡು ಬರೆದಿರುವ ಇನ್ನಿಬ್ಬರು ಓದುಗರಿಗೂ ಇದೇ ಉತ್ತರ. ಇಬ್ಬರ ಕೈಯಲ್ಲೂ ಕೆಲಸ ಇದೆ, ಕಾರಿನವರ ಕೈಯಲ್ಲಿ ಸ್ವಲ್ಪ ಜಾಸ್ತಿ ಇದೆ.

ಕಾಣಲಿಲ್ಲ ಅನ್ನೋದು ಕಾರಣವೇ ಹೊರತು ಕ್ಷಮೆ ಅಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಕಾಣೋದಿಲ್ಲ ಅಂತ ಗೊತ್ತಾದ ಮೇಲೆ ಎರಡನೇ ಸಲ ನೋಡೋದು ಚಾಲಕರ ಹೊಣೆ. ತಿರುಗುವ ಮೊದಲು ಕಂಬದ ಆಚೆ ಕಾಣುವ ಹಾಗೆ ತಲೆಯನ್ನು ಮುಂದೆ ಹಿಂದೆ ಆಡಿಸಿ. ದೂರ, ಮಧ್ಯ, ಹತ್ತಿರ ಅಂತ ಒಂದೊಂದು ಕಡೆ ಕಣ್ಣು ನಿಲ್ಲಿಸಿ ನೋಡಿ. ಬೈಕಿನಲ್ಲಿರುವ ನೀವು ಅವರ ಕಣ್ಣನ್ನು ನಂಬಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಕಾರು ಹೊರಟಿತೋ ಇಲ್ಲವೋ ಅನ್ನೋದು ಮೊದಲು ಗೊತ್ತಾಗೋದು ಅಲ್ಲೇ. ತಿರುವಿನ ಹತ್ತಿರ ಥ್ರಾಟಲ್ ಬಿಟ್ಟು ಬ್ರೇಕ್ ಮೇಲೆ ಬೆರಳಿಡಿ, ನಿಮ್ಮ ಲೈನಿನೊಳಗೇ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ನೇರವಾಗಿ ಬರುವುದಕ್ಕಿಂತ ಪಕ್ಕಕ್ಕೆ ಸರಿಯುವುದು ಕಣ್ಣಿಗೆ ಬೇಗ ಬೀಳುತ್ತದೆ.

ಪ್ರಶ್ನೆ: ಬೈಕಿನವರು ಒಂದೇ ಲೈನಿನಲ್ಲಿ ನೆಟ್ಟಗೆ ಯಾಕೆ ಹೋಗೋದಿಲ್ಲ? ಒಮ್ಮೆ ಎಡ, ಒಮ್ಮೆ ಬಲ. ಹಿಂದೆ ಕಾರು ಓಡಿಸುವ ನಮಗೆ ಜೀವ ಬಾಯಿಗೆ ಬರುತ್ತದೆ.

ಉತ್ತರ: ಶೋಕಿಗೆ ಹಾಗೆ ಓಡಿಸುವವರು ಇದ್ದಾರೆ, ಇಲ್ಲ ಅನ್ನೋದಿಲ್ಲ. ಅವರನ್ನು ಬಿಟ್ಟು ಉಳಿದವರ ಬಗ್ಗೆ ಹೇಳುತ್ತೇನೆ.

ತಿರುವಿನಲ್ಲಿ ಒಂದು ಹಿಡಿ ಮರಳು ಬಿದ್ದಿದ್ದರೆ ನಿಮ್ಮ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಬೈಕು ವಾಲಿಕೊಂಡು ತಿರುಗುತ್ತಿರುವಾಗ ನೆಲಕ್ಕೆ ತಾಗಿರೋದು ಎರಡೇ ಎರಡು ಕಡೆ, ಒಂದೊಂದೂ ಅಂಗೈಯಷ್ಟೇ ಅಗಲ. ಅಲ್ಲಿ ಮರಳು ಸಿಕ್ಕರೆ ಚಕ್ರ ಜಾರುತ್ತದೆ, ಸವಾರ ನೆಲಕ್ಕೆ. ಮಳೆಯಲ್ಲಿ ನೆನೆದ ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಸೋರಿದ ಡೀಸೆಲ್, ಗುಂಡಿ, ಲಾರಿ ದಾಟುವಾಗ ಬಂದು ಹೊಡೆಯುವ ಗಾಳಿ, ಎಲ್ಲವೂ ಅದೇ. ನಿಮಗೆ ಹಿಂದಿನಿಂದ ಕಾಣೋದು ಅವನು ಸರಿದದ್ದು ಮಾತ್ರ, ಅವನು ಏನನ್ನು ನೋಡಿ ಸರಿದ ಅನ್ನೋದು ಬಾನೆಟ್‌ನ ಆಚೆ ಕಾಣೋದೇ ಇಲ್ಲ.

ಬ್ರೇಕ್ ಲೈಟಿನ ವಿಷಯವೂ ಹಾಗೇ. ಬೈಕಿನವರು ಎಷ್ಟೋ ಸಲ ಬ್ರೇಕ್ ಮುಟ್ಟದೆ ಥ್ರಾಟಲ್ ಬಿಟ್ಟೋ, ಗೇರ್ ಇಳಿಸಿಯೋ ವೇಗ ತಗ್ಗಿಸುತ್ತಾರೆ. ಆಗ ಸಾಮಾನ್ಯವಾಗಿ ಹಿಂದಿನ ಕೆಂಪು ದೀಪ ಹತ್ತೋದಿಲ್ಲ. ಸವಾರರು ಹಿಂದೆ ವಾಹನ ಇದ್ದರೆ ಬ್ರೇಕ್ ಲಿವರ್ ಹಗುರವಾಗಿ ಒತ್ತಿ ದೀಪ ಹೊತ್ತಿಸೋದು ಒಳ್ಳೆಯದು. ನೀವು ಕನಿಷ್ಠ ಎರಡು ಸೆಕೆಂಡಿನ ಅಂತರ ಬಿಡಿ. ಮುಂದಿನ ಬೈಕು ಒಂದು ಕಂಬ ದಾಟಿದ ಮೇಲೆ ಎರಡು ಸೆಕೆಂಡ್ ಬಿಟ್ಟು ನೀವು ಅದೇ ಕಂಬ ದಾಟಬೇಕು. ಮಳೆ ಬಂದರೆ ನಾಲ್ಕು.

ಪ್ರಶ್ನೆ: ಜೋರು ಶಬ್ದದ ಸೈಲೆನ್ಸರ್ ಹಾಕಿಸಿದರೆ ಕಾರಿನವರಿಗೆ ಗೊತ್ತಾಗುತ್ತದೆ, ಜೀವ ಉಳಿಯುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಜವಾ?

ಉತ್ತರ: ನಂಬಬೇಡಿ. ಸೈಲೆನ್ಸರ್‌ನ ಬಾಯಿ ಇರೋದು ಹಿಂದಕ್ಕೆ, ನಿಮಗೆ ಅಡ್ಡ ಬರುವ ಕಾರು ಇರೋದು ಮುಂದೆ. ಗಾಜು ಏರಿಸಿ ಹಾಡು ಹಾಕಿಕೊಂಡವರಿಗೆ ಅದು ಕೇಳಿದರೂ ಎಲ್ಲಿಂದ ಅಂತ ಗೊತ್ತಾಗೋದಿಲ್ಲ. ಮಲಗಿರುವ ಮಕ್ಕಳಿಗೂ ಕಾಯಿಲೆಯವರಿಗೂ ಮಾತ್ರ ಚೆನ್ನಾಗಿ ಕೇಳುತ್ತದೆ. ಆ ದುಡ್ಡಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರು ವಾರವೆಲ್ಲ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ರಜೆಯ ದಿನ ಕಾರು ತೆಗೆಯುತ್ತಾರೆ. ಬೈಕಿನಲ್ಲಿದ್ದಾಗ ಕಾರಿನವರನ್ನು ಬೈಯುತ್ತಾರೆ, ಕಾರಿನಲ್ಲಿ ಕೂತ ಕೂಡಲೇ ಬೈಕಿನವರನ್ನು. ಒಂದೇ ಮನುಷ್ಯ ಹೀಗೆ ಬದಲಾಗೋದು ಹೇಗೆ?

ಉತ್ತರ: ಮೇಡಂ, ಈ ಸಲದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಬೇಕಾದದ್ದು ನಿಮ್ಮದೇ. ಕಾರಿನ ಜಾತಿ ಬೇರೆ, ಬೈಕಿನ ಜಾತಿ ಬೇರೆ ಅಂತ ನಾವು ಮಾತಾಡುತ್ತೇವೆ. ಇರೋದು ಎರಡು ಸೀಟು ಅಷ್ಟೇ. ಕಾರಿನ ಸೀಟಿನಲ್ಲಿ ಕೂತವರಿಗೆ ಕಾಯುವ ಬೇಸರ, ವಾಹನಕ್ಕೆ ಗೀರಾಗುವ ಆತಂಕ. ಬೈಕಿನ ಸೀಟಿನಲ್ಲಿ ಕೂತವರಿಗೆ ಮೈಗೆ ಪೆಟ್ಟಾಗುವ ಭಯ. ಒಂದು ಸೀಟಿನಿಂದ ಇನ್ನೊಂದರ ಕಷ್ಟ ಕಾಣೋದಿಲ್ಲ, ಮುಖವೂ ಕಾಣೋದಿಲ್ಲ. ಒಂದು ಕಡೆ ಗಾಜು ಅಡ್ಡ, ಇನ್ನೊಂದು ಕಡೆ ಹೆಲ್ಮೆಟ್. ಮುಖ ಕಾಣದವರ ಮೇಲೆ ಸಿಟ್ಟು ಮಾಡಿಕೊಳ್ಳೋದು ಸುಲಭ.

ಆದರೆ ಒಂದು ಒಳ್ಳೆಯ ಸುದ್ದಿಯೂ ಇದೆ. ಯುರೋಪಿನ ಅದೇ 921 ಅಪಘಾತಗಳ ಮಾಹಿತಿಯನ್ನು ಇಟಲಿಯ ಸಂಶೋಧಕರು 2006ರಲ್ಲಿ ಮತ್ತೆ ನೋಡಿದರು. ಬೈಕ್ ಲೈಸೆನ್ಸ್ ಕೂಡ ಇದ್ದ ಕಾರು ಚಾಲಕರು, ಬೈಕ್ ಜೊತೆಗಿನ ಅಪಘಾತಕ್ಕೆ ಕಾರಣರಾಗಿದ್ದು ಉಳಿದ ಚಾಲಕರಿಗಿಂತ ಕಡಿಮೆ ಅಂತ ಗೊತ್ತಾಯಿತು. ಅಂದರೆ ನಿಮ್ಮ ಯಜಮಾನರು ಬಾಯಲ್ಲಿ ಏನೇ ಬೈದರೂ, ಅವರ ಕಣ್ಣು ಬೈಕನ್ನು ಹುಡುಕಲು ಕಲಿತಿರುವ ಸಾಧ್ಯತೆ ಜಾಸ್ತಿ. ಬೈಯುವಾಗ ಇಷ್ಟು ಕೇಳಿ: ‘ನಾಳೆ ಬೆಳಗ್ಗೆ ನೀವೇ ಆ ಬೈಕಿನಲ್ಲಿ ಇರ್ತೀರಿ ಅಲ್ವಾ?’ ಬೈಕೇ ಓಡಿಸದ ಚಾಲಕರಿಗೆ ನನ್ನ ಸಲಹೆ, ಒಂದು ಸಲ ಜಾಗ್ರತೆಯಿಂದ ಓಡಿಸುವವರ ಹಿಂದೆ ಹೆಲ್ಮೆಟ್ ಹಾಕಿಕೊಂಡು ಕೂತು ದಟ್ಟಣೆಯ ರಸ್ತೆಯಲ್ಲಿ ಹೋಗಿಬನ್ನಿ. ಪಕ್ಕದಲ್ಲಿ ಕಾರು ಎಷ್ಟು ಹತ್ತಿರ ಬರುತ್ತದೆ ಅನ್ನೋದು ಮೊಣಕಾಲಿಗೆ ಗೊತ್ತಾಗುತ್ತದೆ. ಕಾರು ಓಡಿಸದ ಸವಾರರೂ ನಿಂತಿರುವ ಕಾರಿನ ಚಾಲಕರ ಸೀಟಿನಲ್ಲಿ ಕೂತು, ಗೆಳೆಯರಿಗೆ ಬೈಕ್ ತಳ್ಳಿಕೊಂಡು ಸುತ್ತಲೂ ಬರೋಕೆ ಹೇಳಿ. ಮಿರರ್‌ನಿಂದ ಅದು ಎಲ್ಲಿ ಮಾಯವಾಗುತ್ತದೆ ಅಂತ ನೋಡಿದರೆ ಆಮೇಲೆ ಆ ಜಾಗದಲ್ಲಿ ನಿಲ್ಲೋಕೆ ಮನಸ್ಸು ಬರೋದಿಲ್ಲ.

ಪ್ರಶ್ನೆ: ಕಾರೊಂದು ಬೇಕಂತಲೇ ನನ್ನನ್ನು ರಸ್ತೆಯ ಅಂಚಿಗೆ ಒತ್ತಿತು. ಬೆನ್ನಟ್ಟಿ ಹೋಗಿ ಮಿರರ್‌ಗೆ ಒದ್ದು ಬಂದೆ. ಈಗಲೂ ಸರಿ ಮಾಡಿದೆ ಅನಿಸುತ್ತದೆ. ನೀವೇನಂತೀರಿ?

ಉತ್ತರ: ಸರಿ ಅಲ್ಲ. ಒತ್ತಿದ್ದು ಬೇಕಂತಲೇ ಅಂತ ನಿಮಗೆ ಹೇಗೆ ಗೊತ್ತು? ಮಿರರ್‌ನ ಕುರುಡು ಜಾಗದಲ್ಲಿ ನೀವಿದ್ದಿರಬಹುದು. ಬೇಕಂತಲೇ ಆಗಿದ್ದರಂತೂ, ಒಂದು ಟನ್ನಿಗಿಂತ ಭಾರದ ವಾಹನ ಕೈಯಲ್ಲಿರುವ, ಸಿಟ್ಟಿನಲ್ಲಿರುವ ಮನುಷ್ಯನ ಹತ್ತಿರ ನೀವಾಗಿಯೇ ಹೋಗಿದ್ದೀರಿ. ಅವರು ಸ್ಟೇರಿಂಗ್ ಒಂಚೂರು ತಿರುಗಿಸಿದ್ದರೆ ಈ ಪತ್ರ ಬರೆಯೋಕೆ ನೀವು ಇರುತ್ತಿರಲಿಲ್ಲ. ಇನ್ನು ಮೇಲೆ ಹೀಗಾದರೆ ವೇಗ ತಗ್ಗಿಸಿ, ಆ ಕಾರು ಮುಂದೆ ಹೋಗಲಿ. ನಂಬರ್ ನೆನಪಿದ್ದರೆ ಪೊಲೀಸರಿಗೆ ದೂರು ಕೊಡಿ. ಮನೆಯವರ ಮುಖ ನೆನಪು ಮಾಡಿಕೊಳ್ಳಿ.

ಪ್ರಶ್ನೆ: ರಸ್ತೆ ಬದಿ ನಿಲ್ಲಿಸಿ ಕಾರಿನ ಬಾಗಿಲು ತೆಗೆಯುವಾಗ ಬೈಕು ಬಂದು ಬಡಿಯುತ್ತದೆ ಅನ್ನುವ ಭಯ. ಏನಾದರೂ ಸುಲಭ ಉಪಾಯ ಇದೆಯಾ?

ಉತ್ತರ: ಇದೆ. ಬಾಗಿಲಿನ ಪಕ್ಕದ ಕೈಯಿಂದ ತೆಗೆಯಬೇಡಿ, ಆಚೆ ಕೈಯಿಂದ ತೆಗೆಯಿರಿ. ಆಗ ಭುಜ ತಾನಾಗಿಯೇ ತಿರುಗುತ್ತದೆ, ಕಣ್ಣು ಮಿರರ್ ಮೇಲೂ ಹಿಂದಿನ ರಸ್ತೆಯ ಮೇಲೂ ಬೀಳುತ್ತದೆ. ಮೊದಲು ಸ್ವಲ್ಪವೇ ತೆಗೆದು ನೋಡಿ, ಆಮೇಲೆ ಪೂರ್ತಿ. ಹಿಂದಿನ ಸೀಟಿನವರಿಗೂ ಇದನ್ನೇ ಕಲಿಸಿ, ಮಕ್ಕಳನ್ನು ಆದಷ್ಟು ರಸ್ತೆಯ ಅಂಚಿನ ಕಡೆಯ ಬಾಗಿಲಿನಿಂದಲೇ ಇಳಿಸಿ. ಬೈಕಿನವರು ನಿಂತ ಕಾರುಗಳ ಸಾಲು ದಾಟುವಾಗ ಒಂದು ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಬಿಟ್ಟು ಹೋಗಲಿ.